ಖಾಲಿ ಹೊಟ್ಟೆ ಶುಗರ್ 106, ಮೂರು ತಿಂಗಳ ಶುಗರ್ 7.1: ಅಮ್ಮನ ರಿಪೋರ್ಟ್‌ನಲ್ಲಿ ಯಾವುದನ್ನು ನಂಬಬೇಕು?

ತೀರ್ಥಹಳ್ಳಿ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮನ ರಿಪೋರ್ಟ್ ಬಗ್ಗೆ ಕೇಳಬೇಕಿತ್ತು. ಡಾಕ್ಟರ್ ಭೇಟಿ ಮುಂದಿನ ವಾರ ಇದೆ. ಅಷ್ಟರೊಳಗೆ ಮನೆಯಲ್ಲಿ ಗಲಾಟೆ ಜಾಸ್ತಿಯಾಗಿದೆ.

ಅಮ್ಮನಿಗೆ 47 ವರ್ಷ. ಕೆಲವು ತಿಂಗಳಿಂದ ತುಂಬಾ ಸುಸ್ತು. ತೋಟದಿಂದ ಮನೆಗೆ ಬರುವ ಸಣ್ಣ ಏರು ಹತ್ತುವುದರೊಳಗೆ ಏದುಸಿರು ಬರುತ್ತದೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಒಂದು ಲ್ಯಾಬ್‌ನಲ್ಲಿ ಪ್ಯಾಕೇಜ್ ಟೆಸ್ಟ್ ಮಾಡಿಸಿದೆ. ಖಾಲಿ ಹೊಟ್ಟೆ ಶುಗರ್ 106, ತಿಂಡಿ ತಿಂದು ಎರಡು ಗಂಟೆಗೆ 138. ಆದರೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್, 7.1 ಬಂದಿದೆ. ಅದರ ಪಕ್ಕದಲ್ಲೇ ಕೆಂಪು ಅಕ್ಷರದಲ್ಲಿ 'ಡಯಾಬಿಟಿಕ್' ಎಂದು ಅಚ್ಚಾಗಿದೆ. ಬೇರೆ ಪುಟದಲ್ಲಿ ಹಿಮೋಗ್ಲೋಬಿನ್ 8.6, ಎಂಸಿವಿ (ಕೆಂಪು ಕಣದ ಗಾತ್ರ) 68, ಕೆಂಪು ರಕ್ತಕಣಗಳ ಲೆಕ್ಕ 3.9 ಎಂದಿದೆ. ಕಿಡ್ನಿ, ಲಿವರ್, ಥೈರಾಯ್ಡ್ ಎಲ್ಲಾ ಸರಿ ಇದೆ.

ಪಕ್ಕದ ಮನೆಯವರ ಮೀಟರ್ ತಂದು ಮನೆಯಲ್ಲೂ ನೋಡಿದೆವು. ಬೆಳಿಗ್ಗೆ 100ರಿಂದ 110ರ ಒಳಗೆ, ಊಟದ ನಂತರ 130ರಿಂದ 145. ಒಮ್ಮೆಯೂ 150 ದಾಟಿಲ್ಲ.

ನಮ್ಮ ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ತೆಗೆದಿದ್ದಾರೆ. ಹಾಗಾಗಿ ಆ ಕೆಂಪು ಅಕ್ಷರ ನೋಡಿದ ದಿನದಿಂದ ಅಮ್ಮ ಅನ್ನವನ್ನೇ ಬಿಟ್ಟಿದ್ದಾರೆ. ಹುಟ್ಟಿದಾಗಿನಿಂದ ಅಕ್ಕಿ ರೊಟ್ಟಿ, ಕಡುಬು ತಿಂದವರು ಈಗ ರಾಗಿ ಮುದ್ದೆ ಕಲಿಯುತ್ತಿದ್ದಾರೆ. ಅದೂ ಅರ್ಧಂಬರ್ಧ. ಚಿಕ್ಕಪ್ಪ 'ನನ್ನ ಮಾತ್ರೆಯಲ್ಲಿ ಅರ್ಧ ಈಗಲೇ ಶುರು ಮಾಡು' ಎನ್ನುತ್ತಾರೆ. ಇನ್ನೊಬ್ಬರು ರಕ್ತ ಕಡಿಮೆ ಇದೆಯಲ್ಲ, ದಿನಾ ಬೆಲ್ಲ ಖರ್ಜೂರ ಕೊಡು ಎಂದರು. ಯಾವ ಮಾತು ಕೇಳಬೇಕೋ ತಿಳಿಯುತ್ತಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ? ಮೂರು ತಿಂಗಳ ಟೆಸ್ಟ್ ಸುಳ್ಳು ಹೇಳುತ್ತದೆಯೇ?

ಹಳೇ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ:

ಮೊದಲು ಅಮ್ಮನಿಗೆ ಹೊಟ್ಟೆ ತುಂಬಾ ಊಟ ಹಾಕಿ. ಹಿಮೋಗ್ಲೋಬಿನ್ 8.6 ಇರುವವರು ಅರ್ಧ ಹೊಟ್ಟೆಯಲ್ಲಿ ಇರಬಾರದು. ಚಿಕ್ಕಪ್ಪನ ಮಾತ್ರೆ ಖಂಡಿತ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಕೆಲವು ನೇರವಾಗಿ ಇನ್ಸುಲಿನ್ ಜಾಸ್ತಿ ಸುರಿಸುವಂಥವು. ಗ್ಲಿಮೆಪಿರೈಡ್ ಹಾಗಿನದು. ಬೆಳಿಗ್ಗೆ 106 ಇರುವವರು, ಅದೂ ಸರಿಯಾಗಿ ಊಟ ಮಾಡದವರು ಅದನ್ನು ನುಂಗಿದರೆ ಶುಗರ್ ಕೆಳಗೆ ಬಿದ್ದು ಬೆವರಿ ತಲೆ ಸುತ್ತಿ ಬೀಳಬಹುದು.

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆ ಲ್ಯಾಬ್‌ನ ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಎಚ್‌ಬಿಎ1ಸಿ ಮೆಷಿನ್ ಮುಂದೆ ವರ್ಷಗಟ್ಟಲೆ ಕೂತಿದ್ದೇನೆ. ನಿಮ್ಮ ಪೋಸ್ಟ್ ಓದುವಾಗ ನನ್ನ ಕಣ್ಣು ನಿಂತಿದ್ದು 7.1ರ ಮೇಲಲ್ಲ, 8.6 ಮತ್ತು 68ರ ಮೇಲೆ. ಲ್ಯಾಬ್‌ನಲ್ಲಿ ಈ ಎರಡು ಪುಟಗಳು ಬೇರೆ ಬೇರೆ ಮೆಷಿನ್‌ನಿಂದ ಬರುತ್ತವೆ. ಕೆಂಪು ಅಕ್ಷರ ಹಾಕುವ ಸಾಫ್ಟ್‌ವೇರ್ ಎಚ್‌ಬಿಎ1ಸಿ ಸಕ್ಕರೆ ಕಾಯಿಲೆ ಎನ್ನುವ 6.5 ಮುಟ್ಟಿತೋ ಇಲ್ಲವೋ ಅಷ್ಟೇ ನೋಡುತ್ತದೆ. ಪಕ್ಕದ ಪುಟದಲ್ಲಿ ರಕ್ತ ಎಷ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಓದುವ ಕೆಲಸ ಮನುಷ್ಯರೇ ಮಾಡಬೇಕು.

ಈ ಟೆಸ್ಟ್ ಏನನ್ನು ಅಳೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಂಪು ರಕ್ತಕಣದ ಒಳಗೆ ಹಿಮೋಗ್ಲೋಬಿನ್ ಇರುತ್ತದೆ. ರಕ್ತದಲ್ಲಿನ ಗ್ಲೂಕೋಸ್ ಕಣದೊಳಗೆ ಹೋಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಇದು ನಿಧಾನವಾಗಿ, ತಾನಾಗಿಯೇ ನಡೆಯುವ ಕೆಲಸ. ಗಟ್ಟಿಯಾಗಿ ಅಂಟಿದ ಮೇಲೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಒಂದು ದಿನ ತೆಗೆದ ರಕ್ತದಲ್ಲಿ ನಿನ್ನೆ ಹುಟ್ಟಿದ ಕಣವೂ ಇರುತ್ತದೆ, ನಾಳೆ ಸಾಯುವ ಕಣವೂ ಇರುತ್ತದೆ. ಅವೆಲ್ಲದರ ಒಟ್ಟು ಲೆಕ್ಕವೇ ನಾವು ಕೊಡುವ ಸಂಖ್ಯೆ. 7.1 ಅಂದರೆ ನೂರು ಪಾಲು ಹಿಮೋಗ್ಲೋಬಿನ್‌ನಲ್ಲಿ ಸುಮಾರು ಏಳು ಪಾಲಿಗೆ ಸಕ್ಕರೆ ಅಂಟಿದೆ.

ಎಲ್ಲರೂ ಮೂರು ತಿಂಗಳ ಶುಗರ್ ಎನ್ನುತ್ತಾರೆ. ಆದರೆ ಮೂರೂ ತಿಂಗಳಿಗೆ ಸಮಪಾಲು ಇಲ್ಲ. ಹತ್ತಿರ ಹತ್ತಿರ ಅರ್ಧ ಭಾಗ ಕೊನೆಯ ಒಂದು ತಿಂಗಳದ್ದು. ಉಳಿದ ಅರ್ಧ ಅದಕ್ಕಿಂತ ಹಿಂದಿನದು. ಟೆಸ್ಟ್‌ಗೆ ಮುಂಚೆ ನಾಲ್ಕು ದಿನ ಸಿಹಿ ಬಿಟ್ಟರೆ ಸಂಖ್ಯೆ ಇಳಿಯುವುದಿಲ್ಲ. ಯುಗಾದಿ ದಿನ ಎರಡು ಹೋಳಿಗೆ ತಿಂದರೆ ಏರುವುದೂ ಇಲ್ಲ. ಇದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ. ನೇರಳೆ ಮುಚ್ಚಳದ ಟ್ಯೂಬ್‌ಗೆ ಯಾವ ಹೊತ್ತಿನಲ್ಲಿ ರಕ್ತ ಕೊಟ್ಟರೂ ನಡೆಯುತ್ತದೆ.

ಸಕ್ಕರೆ ಕಾಯಿಲೆ ಇರುವವರ ರಕ್ತದಲ್ಲಿ ಸಕ್ಕರೆ ಅಂಟಿದ ಈ ಹಿಮೋಗ್ಲೋಬಿನ್ ಜಾಸ್ತಿ ಇರುತ್ತದೆ ಎಂದು 1960ರ ದಶಕದ ಕೊನೆಯಲ್ಲಿ ಟೆಹರಾನ್‌ನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ಗುರುತಿಸಿದರು. ನಮ್ಮ ಕೆಲಸದವರಿಗೆ ಅವರ ಹೆಸರು ಗೊತ್ತಿರಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಈ ಸಂಖ್ಯೆ ಇಳಿಸಿದರೆ ಕಣ್ಣು, ಕಿಡ್ನಿ, ನರಗಳ ಹಾನಿ ಕಡಿಮೆಯಾಗುತ್ತದೆ ಎಂದು ಟೈಪ್ 1 ಇರುವವರಲ್ಲಿ ದೊಡ್ಡ ಅಧ್ಯಯನವೊಂದು 1993ರಲ್ಲಿ ತೋರಿಸಿತು. ಟೈಪ್ 2 ಇರುವವರಲ್ಲಿ ಬ್ರಿಟನ್ನಿನ ಅಧ್ಯಯನ 1998ರಲ್ಲಿ ತೋರಿಸಿತು. ಆದ್ದರಿಂದ ಇದು ಸುಳ್ಳು ಹೇಳುವ ಟೆಸ್ಟ್ ಅಲ್ಲ. ಬಹಳ ಒಳ್ಳೆಯ ಟೆಸ್ಟ್. ಆದರೆ ಕೆಂಪು ಕಣಗಳು ಸರಿಯಾದ ಹೊತ್ತಿಗೆ ಹುಟ್ಟಿ ಸರಿಯಾದ ಹೊತ್ತಿಗೆ ಸಾಯುತ್ತಿವೆ ಎಂದು ನಂಬಿಕೊಂಡು ಅದು ಲೆಕ್ಕ ಹೇಳುತ್ತದೆ. ನಿಮ್ಮ ಅಮ್ಮನ ವಿಷಯದಲ್ಲಿ ಆ ನಂಬಿಕೆಯೇ ಅಲುಗಾಡಿದೆ.

ಈಗ ಲೆಕ್ಕ ನೋಡಿ. ಎಚ್‌ಬಿಎ1ಸಿಯಿಂದ ಸರಾಸರಿ ಶುಗರ್ ಕಂಡುಹಿಡಿಯಲು ಒಂದು ಸೂತ್ರ ಇದೆ. ಸಂಖ್ಯೆಯನ್ನು 28.7ರಿಂದ ಗುಣಿಸಿ 46.7 ಕಳೆಯಬೇಕು. 6 ಬಂದರೆ ಸರಾಸರಿ 126. 7 ಬಂದರೆ 154. ಅಮ್ಮನ 7.1ಕ್ಕೆ 157 ಆಗುತ್ತದೆ. ಹಗಲು ರಾತ್ರಿ ಸೇರಿ ಸರಾಸರಿಯೇ 157 ಇರಬೇಕು ಎಂದರೆ ಊಟದ ನಂತರ 180, 200 ಕಾಣಿಸಬೇಕಿತ್ತು ಅಲ್ವಾ? ನೀವು ನೋಡಿದ್ದರಲ್ಲಿ ಒಂದೂ 150 ದಾಟಿಲ್ಲ. ಮನೆ ಮೀಟರ್ ನೂರಕ್ಕೆ ಹದಿನೈದು ಆಚೀಚೆ ತೋರಿಸಬಹುದು. ಅಷ್ಟು ಬಿಟ್ಟುಕೊಟ್ಟರೂ ಇದು ಹೊಂದುವುದಿಲ್ಲ. ಲ್ಯಾಬ್‌ನ 106, 138 ಕೂಡ ಮೀಟರ್ ಪರವಾಗಿಯೇ ಇವೆ.

ಹೊಂದದಿರುವುದಕ್ಕೆ ನನಗೆ ಮೊದಲು ಕಾಣುವ ಕಾರಣ ಕಬ್ಬಿಣದ ಕೊರತೆ. ಕಬ್ಬಿಣ ಸಾಲದಿದ್ದಾಗ ಹೊಸ ಕಣಗಳು ಹುಟ್ಟುವುದು ಕಡಿಮೆಯಾಗುತ್ತದೆ. ಇರುವ ಕಣಗಳಲ್ಲಿ ಹಳೆಯವೇ ಜಾಸ್ತಿಯಾಗುತ್ತವೆ. ಹೊಸ ಬಿಳಿ ಪಂಚೆ ಮತ್ತು ವರ್ಷ ಉಟ್ಟ ಪಂಚೆ ಎರಡನ್ನೂ ಒಂದೇ ಕೆಂಪು ಧೂಳಿನ ದಾರಿಯಲ್ಲಿ ಉಟ್ಟರೂ ಕಲೆ ಜಾಸ್ತಿ ಕಾಣುವುದು ಹಳೆಯದರಲ್ಲಿ. ಧೂಳು ಅಷ್ಟೇ ಇತ್ತು, ಅದು ಧೂಳಿಗೆ ಬಿದ್ದ ಕಾಲ ಜಾಸ್ತಿ. ಹಾಗೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇಲ್ಲದಿದ್ದರೂ ಎಚ್‌ಬಿಎ1ಸಿ ಮೇಲೆ ಹೋಗಬಹುದು. ನಮ್ಮ ದೇಶದಲ್ಲಿ ಇದು ಅಪರೂಪದ ಸಂಗತಿ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಇಷ್ಟು ಜನರ ರಿಪೋರ್ಟ್ ಮೇಲೆ ಕೆಂಪು ಅಕ್ಷರ ಬೀಳುವ ಮುಂಚೆ ಯಾರಾದರೂ ಹಿಮೋಗ್ಲೋಬಿನ್ ನೋಡಬೇಕು ಎಂದು ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಎಂಸಿವಿ 68 ಅಂದರೆ ಕಣಗಳು ಸಣ್ಣಗಿವೆ. ಸಣ್ಣ ಕಣ ಕಬ್ಬಿಣದ ಕೊರತೆಯಲ್ಲೂ ಬರುತ್ತದೆ, ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದ ತೊಂದರೆ) ಗುಣ ಹುಟ್ಟಿನಿಂದ ಇರುವವರಲ್ಲೂ ಬರುತ್ತದೆ. ಆದರೆ ಥಲಸ್ಸೀಮಿಯಾ ಗುಣದವರಲ್ಲಿ ಕಣಗಳ ಲೆಕ್ಕ ಸಾಮಾನ್ಯವಾಗಿ 5ರ ಮೇಲಿರುತ್ತದೆ. ಅಮ್ಮನದು 3.9. ಹಾಗಾಗಿ ನನ್ನ ಅನುಮಾನ ಕಬ್ಬಿಣದ ಕಡೆಗೇ. ಫೆರಿಟಿನ್ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಅದು 15ಕ್ಕಿಂತ ಕೆಳಗಿದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಎಂದು ಅರ್ಥ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. 7.1 ನಂಬುವ ಹಾಗಿಲ್ಲ ಎಂದರೆ ಅಮ್ಮನಿಗೆ ಶುಗರ್ ತೊಂದರೆಯೇ ಇಲ್ಲ ಎಂದಲ್ಲ. ಅಮೆರಿಕದ ಡಯಾಬಿಟಿಸ್ ಸಂಘದ ಲೆಕ್ಕದಲ್ಲಿ ಖಾಲಿ ಹೊಟ್ಟೆ 100ರ ಒಳಗೆ ಇದ್ದರೆ ಸರಿ, 126 ಮತ್ತು ಮೇಲೆ ಸಕ್ಕರೆ ಕಾಯಿಲೆ. ನಡುವಿನದು ಗಡಿ. 106 ಗಡಿಯಲ್ಲಿದೆ. ಮನೆತನದಲ್ಲೂ ಕಾಯಿಲೆ ಇದೆ. ಹಾಗಾಗಿ ಡಾಕ್ಟರ್ ಹತ್ತಿರ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಟೆಸ್ಟ್ ಬಗ್ಗೆ ಕೇಳಿ. ಅದು ನೇರವಾಗಿ ರಕ್ತದ ಗ್ಲೂಕೋಸ್ ಅಳೆಯುತ್ತದೆ. ಕಣದ ವಯಸ್ಸು ಅಲ್ಲಿ ಅಡ್ಡ ಬರುವುದಿಲ್ಲ. ರಕ್ತಹೀನತೆ ಇರುವಾಗ ಕಾಯಿಲೆ ಇದೆಯೇ ಇಲ್ಲವೇ ಎಂದು ತೀರ್ಮಾನಿಸಲು ಗ್ಲೂಕೋಸ್ ಟೆಸ್ಟನ್ನೇ ನೆಚ್ಚಿಕೊಳ್ಳಬೇಕು.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸುತ್ತದೆ. 47 ವರ್ಷದವರಿಗೆ ರಕ್ತ 8.6ಕ್ಕೆ ಇಳಿದದ್ದು ಯಾಕೆ? ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯೇ ಎಂದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಮ್ಮ ಹೆಂಗಸರು ತಾವಾಗಿ ಹೇಳುವುದಿಲ್ಲ. ಏದುಸಿರು, ಸುಸ್ತು ಎರಡೂ ಆ ರಕ್ತಹೀನತೆಯವೇ ಇರಬಹುದು. ಡಾಕ್ಟರ್ ಹತ್ತಿರ ಮುಂದಿನ ವಾರಕ್ಕೆ ಬದಲು ಬೇಗ ಹೋಗಲು ಆದರೆ ಹೋಗಿ. ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ತಿರುಗಿ ಬಿದ್ದರೆ ಅವತ್ತೇ ಆಸ್ಪತ್ರೆಗೆ.

ತೀರ್ಥಹಳ್ಳಿ ಮಗಳು:

ತುಂಬಾ ಧನ್ಯವಾದ ಅಕ್ಕ. ನೀವು ಹೇಳಿದ ಹಾಗೆ ಕೇಳಿದೆ. ಒಂದು ವರ್ಷಕ್ಕಿಂತ ಹೆಚ್ಚಾಯಿತಂತೆ, ಮುಟ್ಟಿನಲ್ಲಿ ಗಡ್ಡೆ ಗಡ್ಡೆಯಾಗಿ ಹೋಗುತ್ತದಂತೆ. 'ಈ ವಯಸ್ಸಿಗೆ ಹೀಗೇ ಅಲ್ವಾ' ಎಂದು ಸುಮ್ಮನಿದ್ದಾರೆ. ನನಗೆ ಕೇಳಿ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಭೇಟಿ ನಾಳೆಗೇ ಮಾಡಿಕೊಂಡೆ.

ರಾಗಿ ಮತ್ತು ಬೆಲ್ಲದ ಬಗ್ಗೆಯೂ ಹೇಳಿ. ಮನೆಯಲ್ಲಿ ದಿನಾ ಅದೇ ಜಗಳ.

ಹಳೇ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ:

ನಾಳೆಗೇ ಹೋಗುತ್ತಿರುವುದು ಬಹಳ ಒಳ್ಳೆಯದಾಯಿತು. ಮುಟ್ಟಿನ ವಿಷಯ ಡಾಕ್ಟರ್ ಮುಂದೆ ನೀವೇ ಬಾಯಿಬಿಟ್ಟು ಹೇಳಿ. ಅಮ್ಮ ಅಲ್ಲೂ ಸುಮ್ಮನಾಗಿಬಿಡುತ್ತಾರೆ.

ರಾಗಿಯೂ ಪಿಷ್ಟವೇ. ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರುತ್ತದೆ. ಅಕ್ಕಿ ರೊಟ್ಟಿ ತಿಂದರೂ ಏರುತ್ತದೆ. ಎಷ್ಟು ತಿನ್ನುತ್ತೇವೆ, ಜೊತೆಗೆ ಏನಿದೆ ಎನ್ನುವುದು ಮುಖ್ಯ. ಅಮ್ಮನಿಗೆ ರೂಢಿಯ ಅಕ್ಕಿ ರೊಟ್ಟಿಯನ್ನೇ ಒಂದು ಕಡಿಮೆ ಮಾಡಿ, ಪಕ್ಕಕ್ಕೆ ಹೆಸರುಕಾಳು, ಸೊಪ್ಪಿನ ಪಲ್ಯ ಜಾಸ್ತಿ ಹಾಕಿ. ಮೊಟ್ಟೆ, ಮೀನು ತಿನ್ನುವವರಾದರೆ ಅದೂ ಇರಲಿ. ನೆಂಟರು ಹೇಳಿದ ಅಡುಗೆ ಕಲಿಯುವ ಕಷ್ಟ ಈಗ ಅವರಿಗೆ ಬೇಡ.

ಬೆಲ್ಲದಲ್ಲಿ ಕಬ್ಬಿಣ ಸ್ವಲ್ಪ ಇದೆ, ಸಕ್ಕರೆ ತುಂಬಾ ಇದೆ. 8.6ಕ್ಕೆ ಇಳಿದ ರಕ್ತವನ್ನು ಬೆಲ್ಲದಿಂದ ತುಂಬಿಸಲು ಹೋದರೆ ರಕ್ತ ಏರುವ ಮುಂಚೆ ಶುಗರ್ ಏರುತ್ತದೆ. ಕಬ್ಬಿಣದ ಕೊರತೆ ಖಚಿತವಾದರೆ ಡಾಕ್ಟರ್ ಮಾತ್ರೆ ಕೊಡುತ್ತಾರೆ, ಇಲ್ಲವೇ ಡ್ರಿಪ್ ಹಾಕುತ್ತಾರೆ. ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆ ತೆಗೆದುಕೊಳ್ಳಬಾರದು. ಅದರಲ್ಲಿನ ಒಗರು ಕಬ್ಬಿಣವನ್ನು ಹಿಡಿದುಬಿಡುತ್ತದೆ. ಮಲೆನಾಡಿನಲ್ಲಿ ಕಾಫಿ ಬಿಡಿಸುವುದು ಕಷ್ಟ ಎಂದು ಗೊತ್ತು. ಬಿಡುವುದು ಬೇಡ, ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಂಡರೆ ಒಳ್ಳೆಯದು, ಸಕ್ಕರೆ ಹಾಕದೆ. ಮಲ ಕಪ್ಪಗಾದರೆ ಗಾಬರಿ ಬೇಡ, ಕಬ್ಬಿಣದ ಮಾತ್ರೆಯಿಂದ ಹಾಗೆ ಆಗುತ್ತದೆ.

ಮಾತ್ರೆ ಶುರುವಾದ ಮೇಲೆ ನಡುವೆ ಎಚ್‌ಬಿಎ1ಸಿ ಮಾಡಿಸಲು ಓಡಬೇಡಿ. ಆಗ ಹೊಸ ಕಣಗಳು ಒಮ್ಮೆಲೇ ಬರುತ್ತವೆ. ಅವಕ್ಕೆ ಇನ್ನೂ ಸಕ್ಕರೆ ಅಂಟಿರುವುದಿಲ್ಲ. ಸಂಖ್ಯೆ ನಿಜಕ್ಕಿಂತ ಕೆಳಗೆ ಬರಬಹುದು. ಹಿಮೋಗ್ಲೋಬಿನ್ ಸರಿಯಾಗಿ, ಅದಾದ ಮೇಲೆ ಒಂದು ಮೂರು ತಿಂಗಳು ಕಳೆದು ಮಾಡಿಸಿದರೆ ಆ ಸಂಖ್ಯೆಗೆ ಬೆಲೆ ಇರುತ್ತದೆ.

ಮಂಡ್ಯ ಮಂಜು:

ನಮ್ಮ ಮನೆಯದು ಉಲ್ಟಾ ಕಥೆ, ಅದಕ್ಕೆ ಬರೆಯುತ್ತಿದ್ದೇನೆ. ಅಪ್ಪನಿಗೆ 74. ಹಳೇ ಶುಗರ್. ಎಚ್‌ಬಿಎ1ಸಿ 6.4 ಬಂತೆಂದು ಮನೆಯವರೆಲ್ಲ ಖುಷಿಪಟ್ಟೆವು. ಆದರೆ ಅಪ್ಪ ಬೆಳಗಿನ ಜಾವ ಬೆವರಿನಲ್ಲಿ ನೆನೆದು ಏಳುತ್ತಿದ್ದರು, ಮಾತು ತೊದಲುತ್ತಿತ್ತು. ಒಮ್ಮೆ ಮೀಟರ್ ಹಾಕಿದರೆ 52. ಡಾಕ್ಟರ್ ಹೇಳಿದ್ದು, ರಾತ್ರಿ 50ಕ್ಕೆ ಇಳಿದು ಹಗಲು 220ಕ್ಕೆ ಏರಿದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ ಎಂದು. ಗ್ಲಿಮೆಪಿರೈಡ್ ಡೋಸ್ ಇಳಿಸಿದರು. ಈ ವಯಸ್ಸಿಗೆ, ಹೃದಯದ ತೊಂದರೆಯೂ ಇರುವಾಗ 7.5ರಿಂದ 8 ಇದ್ದರೂ ಸಾಕು, ಬೀಳದೆ ಇರುವುದು ಮುಖ್ಯ ಎಂದರು. ಈಗ 7.6 ಇದೆ. ಅಪ್ಪ ನೆಮ್ಮದಿಯಾಗಿ ಮಲಗುತ್ತಾರೆ.

ತೋಳಿಗೆ ಅಂಟಿಸುವ ಸೆನ್ಸರ್ ಕೂಡ ಎರಡು ವಾರ ಹಾಕಿಸಿದ್ದೆವು. ದುಬಾರಿ. ಆದರೆ ರಾತ್ರಿ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗೆರೆ ಎಳೆದ ಹಾಗೆ ಕಂಡಿತು. ಅದು 70ರಿಂದ 180ರ ನಡುವೆ ಎಷ್ಟು ಹೊತ್ತು ಇದ್ದಿರಿ ಎಂದೂ ಹೇಳುತ್ತದೆ.

ಅಕ್ಕ, ಒಂದು ಕೇಳಬೇಕಿತ್ತು. ಒಂದು ಲ್ಯಾಬ್‌ನಲ್ಲಿ 7.6, ಇನ್ನೊಂದರಲ್ಲಿ ಅದೇ ವಾರ 7.9 ಬಂತು. ಯಾವುದು ಸರಿ?

ಹಳೇ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ:

ಮಂಜು ಅವರೇ, ಎರಡೂ ಸರಿ ಇರಬಹುದು. 0.2, 0.3 ವ್ಯತ್ಯಾಸ ಟೆಸ್ಟ್‌ನ ಒಳಗೇ ಇರುವಂಥದ್ದು. 7.6 ಇದ್ದದ್ದು 7.8 ಆಯಿತೆಂದು ಮನೆಯಲ್ಲಿ ಅಪ್ಪನ ತಟ್ಟೆ ಕಸಿಯಬೇಡಿ. 0.5ರಷ್ಟು ಸರಿದರೆ ಏನೋ ಬದಲಾಗಿದೆ ಎಂದು ಕೂತು ಯೋಚಿಸಬೇಕು. ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗಿ. ಎಚ್‌ಪಿಎಲ್‌ಸಿ ವಿಧಾನದಲ್ಲಿ ಮಾಡುತ್ತಾರೆಯೇ, ಎನ್‌ಜಿಎಸ್‌ಪಿ ಪ್ರಮಾಣ (ಎಚ್‌ಬಿಎ1ಸಿ ಟೆಸ್ಟ್ ಎಲ್ಲೆಡೆ ಒಂದೇ ಅಳತೆಯಲ್ಲಿ ಬರಲು ಇರುವ ಮಾನ್ಯತೆ) ಇದೆಯೇ ಎಂದು ಕೇಳಿ. ರಿಪೋರ್ಟ್‌ನ ಕೆಳಗೆ ಸಾಮಾನ್ಯವಾಗಿ ಬರೆದಿರುತ್ತಾರೆ.

ಎಚ್‌ಪಿಎಲ್‌ಸಿ ನನಗೆ ಇಷ್ಟ. ಅದು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಮಾಡಿ ಗ್ರಾಫ್ ಕೊಡುತ್ತದೆ. ಹುಟ್ಟಿನಿಂದ ಬಂದ ಬೇರೆ ಬಗೆಯ ಹಿಮೋಗ್ಲೋಬಿನ್ ಇದ್ದರೆ ಹೆಚ್ಚಿನ ಸಲ ಅಲ್ಲೊಂದು ಹೊಸ ಶಿಖರ ಏಳುತ್ತದೆ. ಚಾಮರಾಜನಗರ, ಮೈಸೂರು, ಕೊಡಗಿನ ಕಡೆಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ (ಕೆಂಪು ಕಣಗಳು ಕುಡುಗೋಲಿನ ಹಾಗೆ ಬಾಗುವ ವಂಶದ ತೊಂದರೆ) ಇದೆ. ಪೂರ್ತಿ ಕಾಯಿಲೆ ಇರುವವರಲ್ಲಿ ಕಣಗಳು ಬೇಗ ಸಾಯುತ್ತವೆ. ಅಂಥವರಲ್ಲಿ ಎಚ್‌ಬಿಎ1ಸಿ ತಗ್ಗಿ ಬರುತ್ತದೆ, ಶುಗರ್ ಜಾಸ್ತಿ ಇದ್ದರೂ ಚೆನ್ನಾಗಿದೆ ಎಂದು ತೋರಿಸುತ್ತದೆ. ಇದು ಮೇಲೆ ತೋರಿಸುವುದಕ್ಕಿಂತ ಅಪಾಯ, ಯಾಕೆಂದರೆ ಯಾರೂ ಹುಡುಕುವುದಿಲ್ಲ. ಇತ್ತೀಚೆಗೆ ರಕ್ತ ಏರಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಬಸುರಿಯರು, ಇವರೆಲ್ಲರಲ್ಲೂ ಈ ಸಂಖ್ಯೆಯೊಂದನ್ನೇ ಹಿಡಿದು ಕೂರಬಾರದು. ಬೇಕಾದರೆ ಫ್ರಕ್ಟೋಸಮೈನ್ ಎಂಬ ಟೆಸ್ಟ್ ಇದೆ. ಅದು ರಕ್ತದ ನೀರಿನಲ್ಲಿರುವ ಪ್ರೋಟೀನ್‌ಗೆ ಅಂಟಿದ ಸಕ್ಕರೆ ನೋಡುತ್ತದೆ, ಎರಡು ಮೂರು ವಾರದ ಲೆಕ್ಕ ಹೇಳುತ್ತದೆ. ಎಲ್ಲಾ ಊರಿನಲ್ಲಿ ಸಿಗುವುದಿಲ್ಲ.

ಲೀಡ್ಸ್ ಕನ್ನಡಿಗ:

ಹೊರದೇಶದಲ್ಲಿ ಇರುವವರಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಬ್ರಿಟನ್ನಿನಲ್ಲಿ ಎಚ್‌ಬಿಎ1ಸಿಯನ್ನು ಶೇಕಡಾ ಲೆಕ್ಕದಲ್ಲಿ ಕೊಡುವುದಿಲ್ಲ, ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತಾರೆ. ನನ್ನದು 44 ಬಂತು. ಊರಿನಲ್ಲಿ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು ಹೌಹಾರಿದಳು. 44 ಅಂದರೆ ನಮ್ಮ ಊರಿನ ಲೆಕ್ಕದಲ್ಲಿ ಸುಮಾರು 6.2. ಇಲ್ಲಿ 42ರಿಂದ 47 ಗಡಿ, 48 ಮುಟ್ಟಿದರೆ ಸಕ್ಕರೆ ಕಾಯಿಲೆ, ಅದು 6.5ಕ್ಕೆ ಸಮ. 53 ಅಂದರೆ 7.

ಇನ್ನೂ ಗೊಂದಲ ಆಗುವುದು ಮೀಟರ್‌ನಲ್ಲಿ. ಇಲ್ಲಿನ ಮೀಟರ್ 7.0 ಎಂದು ತೋರಿಸಿದರೆ ಅದು ಎಚ್‌ಬಿಎ1ಸಿ ಅಲ್ಲ, ಆ ಹೊತ್ತಿನ ಗ್ಲೂಕೋಸ್. ನಮ್ಮ ಊರಿನ ಲೆಕ್ಕಕ್ಕೆ ತರಲು 18ರಿಂದ ಗುಣಿಸಿದರೆ 126. ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರು ಇಲ್ಲಿನ ಮೀಟರ್ ಬಳಸಿ '7.8 ಬಂತು, ಮೂರು ತಿಂಗಳದ್ದು ಏರಿದೆ' ಎಂದು ಹೆದರುವುದನ್ನು ನೋಡಿದ್ದೇನೆ. ಅದು 140, ಊಟದ ನಂತರ ಆದರೆ ಹೆದರುವಂಥದ್ದಲ್ಲ. ಬರುವಾಗ ಊರಿನ ಮೀಟರನ್ನೇ, ಅದಕ್ಕೆ ಬೇಕಾದಷ್ಟು ಪಟ್ಟಿಗಳ ಸಮೇತ ತರಲು ಹೇಳಿ.

ತೀರ್ಥಹಳ್ಳಿ ಮಗಳು, ಕೆಲವು ತಿಂಗಳ ನಂತರ:

ಇಲ್ಲಿ ಮತ್ತೆ ಬಂದು ಬರೆಯುತ್ತೇನೆ ಎಂದುಕೊಂಡಿದ್ದೆ. ಯಾರಾದರೂ ಇದೇ ತೊಂದರೆಯಲ್ಲಿ ಹುಡುಕಿಕೊಂಡು ಬಂದರೆ ಪೂರ್ತಿ ಕಥೆ ಸಿಗಲಿ.

ಅವತ್ತು ಡಾಕ್ಟರ್ ಎರಡೂ ಪುಟ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದರು. ಫೆರಿಟಿನ್ 6 ಬಂತು. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡಿತು. ರಕ್ತ ಹೋಗುವುದು ನಿಲ್ಲಲು ಬೇರೆ ಚಿಕಿತ್ಸೆ ಶುರು ಮಾಡಿದರು, ಜೊತೆಗೆ ಕಬ್ಬಿಣದ ಮಾತ್ರೆ. ಗ್ಲೂಕೋಸ್ ಕುಡಿಸುವ ಟೆಸ್ಟ್ ಕೂಡ ಮಾಡಿದರು. ಖಾಲಿ ಹೊಟ್ಟೆ 105, ಎರಡು ಗಂಟೆಗೆ 156. ಎರಡು ಗಂಟೆಗೆ 140ರಿಂದ 199ರ ನಡುವೆ ಇದ್ದರೆ ಗಡಿ, 200 ಮುಟ್ಟಿದರೆ ಕಾಯಿಲೆ ಎಂದು ವಿವರಿಸಿದರು. ಶುಗರ್ ಮಾತ್ರೆ ಕೊಡಲಿಲ್ಲ. ನಡಿಗೆ, ಊಟದ ಅಳತೆ, ತೂಕ ಸ್ವಲ್ಪ ಇಳಿಸುವುದು, ಇಷ್ಟೇ.

ಈಗ ಹಿಮೋಗ್ಲೋಬಿನ್ 12.2. ಅದು ಸರಿಯಾದ ಮೇಲೆ ಕಾದು, ಹೋದ ವಾರ ಎಚ್‌ಬಿಎ1ಸಿ ಮಾಡಿಸಿದೆವು. 6.1 ಬಂದಿದೆ. ಏರು ಹತ್ತುವಾಗ ಅಮ್ಮ ಈಗ ನನ್ನ ಮುಂದೆ ಹೋಗುತ್ತಾರೆ. ಅಕ್ಕಿ ರೊಟ್ಟಿ ತಿನ್ನುತ್ತಾರೆ, ಒಂದು ಕಡಿಮೆ. ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ.

ಅಕ್ಕ, 7.1ರಿಂದ 6.1ಕ್ಕೆ ಇಳಿದದ್ದು ಪೂರ್ತಿ ಕಬ್ಬಿಣದಿಂದಲೇ ಅಂತೀರಾ? ಮುಂದೆ ಯಾವಾಗ ಮಾಡಿಸಬೇಕು?

ಹಳೇ ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ:

ಓದಿ ಬಹಳ ಸಂತೋಷವಾಯಿತು.

ಪೂರ್ತಿ ಕಬ್ಬಿಣದಿಂದ ಎಂದು ಹೇಳಲು ಆಗುವುದಿಲ್ಲ. ಅಮ್ಮ ನಡೆದಿದ್ದಾರೆ, ಊಟ ಬದಲಿಸಿದ್ದಾರೆ, ಅದರ ಪಾಲೂ ಇದೆ. ಆದರೆ ಮೊದಲ ದಿನವೇ ಗ್ಲೂಕೋಸ್ ಅಷ್ಟು ಏರಿರಲಿಲ್ಲ. ಹಾಗಾಗಿ ದೊಡ್ಡ ಪಾಲು ರಕ್ತದ್ದೇ ಎಂದು ನನ್ನ ಅನಿಸಿಕೆ. ಈ ಸಲದ 6.1 ನಂಬುವಂಥ ಸಂಖ್ಯೆ. ಸೂತ್ರದಲ್ಲಿ ಹಾಕಿದರೆ ಸರಾಸರಿ 128 ಬರುತ್ತದೆ. ಮನೆ ಮೀಟರ್ ತೋರಿಸುತ್ತಿದ್ದುದಕ್ಕೆ ಅದು ಹೊಂದುತ್ತದೆ.

5.7ರಿಂದ 6.4 ಗಡಿಯ ಲೆಕ್ಕ. ಗಡಿಯಲ್ಲಿರುವವರು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ಡಾಕ್ಟರ್ ಆರು ತಿಂಗಳಿಗೆ ಎಂದರೆ ಆರು ತಿಂಗಳಿಗೆ. ಪ್ರತಿ ಸಲ ಎಚ್‌ಬಿಎ1ಸಿ ಜೊತೆಗೆ ಹಿಮೋಗ್ಲೋಬಿನ್ ಕೂಡ ಬರೆಸಿ. ಹಿಮೋಗ್ಲೋಬಿನ್ ಸರಿಯಾಯಿತೆಂದು ಕಬ್ಬಿಣದ ಮಾತ್ರೆ ಅಲ್ಲಿಗೇ ನಿಲ್ಲಿಸಬೇಡಿ. ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು, ಯಾವಾಗ ನಿಲ್ಲಿಸಬೇಕು ಎಂದು ಫೆರಿಟಿನ್ ನೋಡಿ ಡಾಕ್ಟರ್ ಹೇಳುತ್ತಾರೆ. ನಿಮಗೂ ಒಮ್ಮೆ ಎರಡೂ ಟೆಸ್ಟ್ ಮಾಡಿಸಿಕೊಳ್ಳಿ. ಮನೆತನದಲ್ಲಿ ಶುಗರ್ ಇದೆ, ಮತ್ತು ಅಮ್ಮ ಹೇಳದೆ ಇಟ್ಟುಕೊಂಡಿದ್ದನ್ನು ನೀವೂ ಇಟ್ಟುಕೊಂಡಿರಬಾರದು.